ಹೆರಿಗೆ ಹೊತ್ತಿನ ಸಿಟಿಜಿ ಪೇಪರ್ ಕೊಡಿಸಿ: ಆಸ್ಪತ್ರೆಗೆ ಒಬ್ಬ ತಾಯಿಯ ದೂರು

ಇವರಿಗೆ,
ಆಸ್ಪತ್ರೆಯ ವ್ಯವಸ್ಥಾಪಕರು

ವಿಷಯ: ಹೆರಿಗೆ ವೇಳೆ ಮಗುವಿನ ಎದೆಬಡಿತ ಇಳಿದರೂ ಗಮನ ಕೊಡದಿರುವುದು ಮತ್ತು ಸಿಟಿಜಿ (ಮಗುವಿನ ಎದೆಬಡಿತ, ತಾಯಿಯ ನೋವು ಎರಡನ್ನೂ ದಾಖಲಿಸುವ ಯಂತ್ರ) ಪೇಪರ್ ಕೊಡದಿರುವುದು.

ಮಾನ್ಯರೇ,

ನನ್ನ ಮಗಳ ಮೊದಲ ಹೆರಿಗೆ ಎರಡು ತಿಂಗಳ ಹಿಂದೆ ನಿಮ್ಮ ಆಸ್ಪತ್ರೆಯಲ್ಲಿ ಆಯಿತು. ಚೊಚ್ಚಲು ಅಂತ ತವರಿಗೆ ಕರೆದುಕೊಂಡು ಬಂದಿದ್ದೆವು. ಜೊತೆಗೆ ಒಬ್ಬರು ಇರಬಹುದು ಅಂದಿದ್ದರಿಂದ ಲೇಬರ್ ರೂಮಿನಲ್ಲಿ ನಾನೇ ಇದ್ದೆ. ನಾನು ಹಾಸನ ಜಿಲ್ಲೆಯ ಉಪಕೇಂದ್ರಗಳಲ್ಲಿ 31 ವರ್ಷ ಹೆರಿಗೆ ಮಾಡಿಸುವ ಎಎನ್‌ಎಂ ಆಗಿದ್ದವಳು. ಹಾಗಾಗಿ ಅಲ್ಲಿ ನಡೆದದ್ದು ನನಗೆ ಅರ್ಥವಾಗುತ್ತಿತ್ತು.

ನೀರು ಒಡೆದು ನೋವು ಬಾರದ ಕಾರಣ ಬೆಳಿಗ್ಗೆ ಆರಕ್ಕೆ ನೋವು ಬರಿಸುವ ಆಕ್ಸಿಟೋಸಿನ್ ಡ್ರಿಪ್ ಹಾಕಿದರು. ಹೊಟ್ಟೆಗೆ ಎರಡು ಬೆಲ್ಟ್ ಕಟ್ಟಿ ಸಿಟಿಜಿ ಯಂತ್ರ ಜೋಡಿಸಿದರು. 11 ಗಂಟೆವರೆಗೂ ಎಲ್ಲ ಸರಿಯಾಗಿತ್ತು. ಬಡಿತ 140ರ ಆಸುಪಾಸಿನಲ್ಲಿತ್ತು. ಆಮೇಲೆ ಡ್ರಿಪ್ ಜಾಸ್ತಿ ಮಾಡಿದರು. ಅರ್ಧ ಗಂಟೆಯೊಳಗೆ ನೋವಿಗೆ ಬಿಡುವೇ ಇಲ್ಲದಂತಾಯಿತು. ನಾನು ಹೊಟ್ಟೆಯ ಮೇಲೆ ಕೈಯಿಟ್ಟು ಎಣಿಸಿದೆ. ಹತ್ತು ನಿಮಿಷದಲ್ಲಿ ಆರು ಸಲ ನೋವು ಬಂತು. ಐದಕ್ಕಿಂತ ಹೆಚ್ಚಾದರೆ ಅದು ಅತಿಯಾಯಿತು ಅಂತ ನಿಮ್ಮ ಡಾಕ್ಟರಿಗೂ ಗೊತ್ತು.

11.40ಕ್ಕೆ ಯಂತ್ರದಲ್ಲಿ ಬಡಿತ 96 ತೋರಿಸಿತು. ಆಮೇಲೆ 92. ಅಲಾರಂ ಶಬ್ದ ಮೊದಲೇ ನಿಲ್ಲಿಸಿದ್ದರು. ಸಿಸ್ಟರನ್ನು ಕರೆದೆ. "ಬೆಲ್ಟ್ ಜಾರಿದೆ ಅಮ್ಮ, ಅದು ತಾಯಿ ನಾಡಿ" ಅಂದು ಪಕ್ಕದ ಬೆಡ್ಡಿಗೆ ಹೋದರು. ತಾಯಿಯ ನಾಡಿಯನ್ನೇ ಯಂತ್ರ ಮಗುವಿನದು ಅಂತ ತೋರಿಸುವುದು ಉಂಟು, ನಿಜ. ಅದಕ್ಕೇ ಮಗಳ ಮಣಿಕಟ್ಟು ಹಿಡಿದು ಎಣಿಸಿದೆ. ಅವಳ ನಾಡಿ 118 ಇತ್ತು. ಹಾಗಿದ್ದರೆ 92 ಯಾರದ್ದು? ಮಗುವಿನದ್ದೇ ಅಲ್ವಾ? ಮಗಳನ್ನು ಎಡಮಗ್ಗುಲಿಗೆ ತಿರುಗಿಸಿದೆ. ಡ್ರಿಪ್ ನಿಲ್ಲಿಸಿ ಅಂತ ಮೂರು ಸಲ ಕೇಳಿಕೊಂಡೆ. ಡಾಕ್ಟರು ಹೇಳದೆ ಮುಟ್ಟುವ ಹಾಗಿಲ್ಲ ಅಂದರು. ಡಾಕ್ಟರು ಬಂದು ಡ್ರಿಪ್ ನಿಲ್ಲಿಸಿದಾಗ 12.15. ಅಷ್ಟು ಹೊತ್ತು ನನ್ನ ಮಗಳು ನನ್ನ ಮುಖ ನೋಡುತ್ತಿದ್ದಳು.

12.32ಕ್ಕೆ ವ್ಯಾಕ್ಯೂಮ್ ಹಾಕಿ ಮಗು ತೆಗೆದರು. ಮಗು ಒಳಗೇ ಮಲ ಮಾಡಿ ನೀರು ಹಸಿರಾಗಿತ್ತು. ಮಗು ಅಳಲಿಲ್ಲ. ಬ್ಯಾಗ್ ಮಾಸ್ಕ್‌ನಲ್ಲಿ ಉಸಿರು ಕೊಟ್ಟರು. ಹುಟ್ಟಿದ ಮಗುವಿನ ಸ್ಥಿತಿ ನೋಡಿ ಹತ್ತಕ್ಕೆ ಕೊಡುವ ಅಪ್ಗಾರ್ ಅಂಕ ಒಂದು ನಿಮಿಷಕ್ಕೆ 3, ಐದು ನಿಮಿಷಕ್ಕೆ 6 ಅಂತ ಬರೆದಿದ್ದಾರೆ. ಆ ರಾತ್ರಿಯೇ ಫಿಟ್ಸ್ ಬಂತು. ಬೇರೆ ಆಸ್ಪತ್ರೆಯ ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಒಂಬತ್ತು ದಿನ ಇತ್ತು. ಈಗ ಎದೆಹಾಲು ಕುಡಿಯುತ್ತಿದೆ. ದೇವರ ದಯೆ. ಮುಂದೆ ಕತ್ತು ನಿಲ್ಲುವುದು, ಕೂರುವುದು ಹೇಗೋ ಅಂತ ದಿನವೂ ಕಾಯುತ್ತಿದ್ದೇವೆ.

ನಾವು ಬಂದು ಕೇಳಿದಾಗ ನಿಮ್ಮ ಕಡೆಯವರು ಕೊಟ್ಟ ಉತ್ತರ ಒಂದೇ. "ಸಿಟಿಜಿ ಹಾಕಿದ್ದೆವಲ್ಲ, ಇನ್ನೇನು ಮಾಡಬೇಕಿತ್ತು?" ನೋಡಿ, ಯಂತ್ರ ಹಾಕಿದ ಮಾತ್ರಕ್ಕೆ ಎಲ್ಲ ಮಕ್ಕಳೂ ಉಳಿಯುತ್ತವೆ ಅಂತ ನಾನು ಹೇಳುವುದಿಲ್ಲ. ನಮ್ಮ ಅಳಿಯಂದಿರು, ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ ವರದಿ ಓದಿ ಹೇಳಿದರು. 13 ಅಧ್ಯಯನ, 37,000ಕ್ಕೂ ಹೆಚ್ಚು ತಾಯಂದಿರು. ಹೊತ್ತು ಹೊತ್ತಿಗೆ ಕಿವಿಯಿಂದ ಕೇಳುವುದಕ್ಕೆ ಹೋಲಿಸಿದರೆ, ಸದಾ ಸಿಟಿಜಿ ಹಾಕಿದವರ ಮಕ್ಕಳಲ್ಲಿ ಫಿಟ್ಸ್ ಅರ್ಧದಷ್ಟು ಕಡಿಮೆಯಂತೆ. ಸಾವಿನಲ್ಲಿ, ಸೆರೆಬ್ರಲ್ ಪಾಲ್ಸಿಯಲ್ಲಿ (ಮೆದುಳಿನ ಹಾನಿಯಿಂದ ಕೈಕಾಲು ಹಿಡಿತಕ್ಕೆ ಬಾರದಿರುವುದು) ವ್ಯತ್ಯಾಸ ಕಾಣಲಿಲ್ಲ, ಆದರೆ ಸಿಸೇರಿಯನ್ ಜಾಸ್ತಿ ಆಯಿತಂತೆ. ತಾನಾಗಿ ನೋವು ಬಂದ ಆರೋಗ್ಯವಂತ ತಾಯಿಗೆ ಸದಾ ಸಿಟಿಜಿ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಹೇಳಿದೆ. ಡ್ರಿಪ್ ಹಾಕಿದವರ ವಿಷಯ ಬೇರೆ. ಗರ್ಭಕೋಶ ಬಿಗಿದಾಗಲೆಲ್ಲ ಮಗುವಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ನಡುವೆ ಬಿಡುವು ಸಿಕ್ಕರೆ ಮಗು ಸುಧಾರಿಸಿಕೊಳ್ಳುತ್ತದೆ. ಔಷಧಿ ಹೆಚ್ಚಾಗಿ ಆ ಬಿಡುವೇ ಹೋದಾಗ ಯಂತ್ರ ಹೇಳುವುದನ್ನು ನೋಡಲು ಒಬ್ಬರಾದರೂ ಪಕ್ಕದಲ್ಲಿರಬೇಕು. ಅವತ್ತು ಮೂವರು ಗರ್ಭಿಣಿಯರಿಗೆ ಒಬ್ಬರೇ ಸಿಸ್ಟರ್. ಆ ಹುಡುಗಿಯ ಮೇಲೆ ನನಗೆ ಕೋಪವಿಲ್ಲ. ಬೆಳಿಗ್ಗೆಯಿಂದ ಅವಳು ಕೂತಿದ್ದನ್ನೇ ನಾನು ಕಾಣಲಿಲ್ಲ.

ನಮ್ಮ ಕಾಲದಲ್ಲಿ ಕೈಯಲ್ಲಿ ಇದ್ದದ್ದು ಹೊಟ್ಟೆಯ ಮೇಲಿಟ್ಟು ಮಗುವಿನ ಬಡಿತ ಕೇಳುವ ಒಂದು ಫೀಟೋಸ್ಕೋಪ್. ಕಿವಿಗೊಟ್ಟು, ನೋವು ಇಳಿದ ಮೇಲೆ ಪೂರ್ತಿ ಒಂದು ನಿಮಿಷ ಎಣಿಸುತ್ತಿದ್ದೆವು. 120ರಿಂದ 160 ಇರಬೇಕು ಅಂತ ಕಲಿಸಿದ್ದರು, ಈಗ 110ರಿಂದ ಅಂತಾರೆ. ಇಳಿದರೆ ಜೀಪು ಹುಡುಕಿಕೊಂಡು ಓಡುತ್ತಿದ್ದೆವು. ನಿಮ್ಮಲ್ಲಿ ಆಪರೇಷನ್ ಥಿಯೇಟರ್ ಅದೇ ಮಹಡಿಯಲ್ಲಿದೆ.

ಈಗ ಪೇಪರಿನ ವಿಷಯ. ಬಿಲ್ಲಿನಲ್ಲಿ ಸಿಟಿಜಿಗೆ 1,200 ರೂಪಾಯಿ ಹಾಕಿದ್ದೀರಿ, ಕಟ್ಟಿದ್ದೇವೆ. ಫೈಲಿನ ಪ್ರತಿಯಲ್ಲಿ ಆ ಪೇಪರ್ ಇಲ್ಲ. ಮೊದಲ ಸಲ ಕೇಳಿದಾಗ "ಹುಡುಕುತ್ತೇವೆ" ಅಂದಿರಿ. ಎರಡನೇ ಸಲ "ರೋಲ್ ಮುಗಿದಿತ್ತು" ಅಂದಿರಿ. ಪೇಪರ್ ಮಡಿಕೆ ಮಡಿಕೆಯಾಗಿ ಟ್ರೇಗೆ ಬೀಳುತ್ತಿದ್ದುದನ್ನು ನಾನು ಕಣ್ಣಾರೆ ನೋಡಿದ್ದೇನೆ. ದಾಖಲೆ ಕೇಳಿದ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯಕೀಯ ಮಂಡಳಿಯ 2002ರ ನಿಯಮ ಹೇಳುತ್ತದೆ. ಲಿಖಿತವಾಗಿ ಕೇಳಿ 19 ದಿನವಾಯಿತು.

ಸಿಟಿಜಿ ಪೇಪರ್, ಡ್ರಿಪ್ ಯಾವಾಗ ಎಷ್ಟು ಏರಿಸಿದರು ಅನ್ನುವ ಚಾರ್ಟ್, ಹೆರಿಗೆ ಹೇಗೆ ಸಾಗಿತು ಅಂತ ಗುರುತು ಹಾಕುವ ಪಾರ್ಟೋಗ್ರಾಫ್, ಮಗುವಿಗೆ ಉಸಿರು ಕೊಟ್ಟ ವಿವರ, ಇಷ್ಟನ್ನೂ ಕೊಡಿ. ಆ ಪೇಪರ್ ಬಿಸಿಲಿಗೆ ಮಾಸಿಹೋಗುತ್ತದೆ, ದಯವಿಟ್ಟು ಇವತ್ತೇ ಜೆರಾಕ್ಸ್ ಮಾಡಿಸಿ. ಡ್ರಿಪ್ ಹಾಕಿದ ಬೆಡ್ಡಿಗೆ ಒಬ್ಬ ಸಿಸ್ಟರನ್ನು ಕೊಡುತ್ತೀರಾ, ಬಡಿತ ಇಳಿದರೆ ಡಾಕ್ಟರಿಗೆ ಕಾಯದೆ ಡ್ರಿಪ್ ನಿಲ್ಲಿಸಲು ಅವರಿಗೆ ಅಧಿಕಾರ ಕೊಡುತ್ತೀರಾ ಅನ್ನುವುದನ್ನೂ ಬರಹದಲ್ಲಿ ತಿಳಿಸಿ. ಒಂದು ವಾರದಲ್ಲಿ ಉತ್ತರ ಬಾರದಿದ್ದರೆ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಡಿ ಜಿಲ್ಲಾ ಪ್ರಾಧಿಕಾರಕ್ಕೆ ದೂರು ಕೊಡುತ್ತೇವೆ.

ಮಗುವನ್ನು ನೋಡುತ್ತಿರುವ ಮಕ್ಕಳ ಡಾಕ್ಟರು, ಬಡಿತ ಎಷ್ಟು ಹೊತ್ತು ಇಳಿದಿತ್ತು ಅಂತ ಕೇಳಿದ್ದಾರೆ. ನಮ್ಮ ಹತ್ತಿರ ಹೇಳಲು ನನ್ನ ನೆನಪು ಬಿಟ್ಟರೆ ಬೇರೇನೂ ಇಲ್ಲ. ಅವರನ್ನು ಮತ್ತೆ ಕಾಣಬೇಕಾದದ್ದು ಮುಂದಿನ ತಿಂಗಳ ಮೊದಲ ಗುರುವಾರ. ಅಷ್ಟರೊಳಗೆ ಪೇಪರ್ ಕೈಗೆ ಸಿಗಲಿ.

ಇಂತಿ,
ಬಾಣಂತಿಯ ತಾಯಿ
(ನಿವೃತ್ತ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ)

ಲಗತ್ತು: ಬಿಲ್ಲಿನ ಪ್ರತಿ, ಡಿಸ್ಚಾರ್ಜ್ ಕಾರ್ಡಿನ ಪ್ರತಿ, ಮೊದಲ ಮನವಿಯ ಸ್ವೀಕೃತಿ