ಅಮೆರಿಕದ ಕಾಲೇಜಿಗೆ ಅರ್ಜಿ ಹಾಕುವವರ ಪೋಷಕರಿಗೆ

ನಮಸ್ಕಾರ. ಅಮೆರಿಕದಲ್ಲಿ ಹುಟ್ಟಿ ಈಗ ಬೆಂಗಳೂರಿನಲ್ಲಿ ಓದುತ್ತಿರುವ ಮಕ್ಕಳದ್ದು ಯಾವ ಲೆಕ್ಕ ಅಂತ ಕೇಳಿದ್ದಿರಿ. ಅಲ್ಲಿನ ಪೌರತ್ವ ಇದ್ದರೆ ಹಣಸಹಾಯಕ್ಕೆ ಅಲ್ಲಿಯವರ ಲೆಕ್ಕವೇ. ಗ್ರೀನ್ ಕಾರ್ಡ್‌ಗೂ ಅಷ್ಟೇ. ಎಚ್-4 ವೀಸಾದ (ಅಲ್ಲಿ ಎಚ್-1ಬಿಯಂಥ ಕೆಲಸದ ವೀಸಾದಲ್ಲಿ ಇರುವವರ ಕುಟುಂಬಕ್ಕೆ ಕೊಡುವ ವೀಸಾ) ಮಕ್ಕಳು ಅಲ್ಲೇ ಹತ್ತು ವರ್ಷ ಓದಿದ್ದರೂ ಹೆಚ್ಚಿನ ಕಡೆ ವಿದೇಶಿಯರೇ, ಪಾಪ.

ಸ್ಟ್ಯಾನ್‌ಫರ್ಡ್, ಕಾರ್ನೆಲ್‌ನಂಥ ಕಡೆ ವಿದೇಶಿ ವಿದ್ಯಾರ್ಥಿ ಹಣಸಹಾಯ ಕೇಳಿದರೆ ಅದನ್ನೂ ನೋಡಿಯೇ ಸೀಟು ಕೊಡುತ್ತಾರೆ. ಹಾಗಂತ ಸುಮ್ನೆ ‘ಸಹಾಯ ಬೇಡ’ ಅಂತ ತುಂಬಬೇಡಿ. ಆಮೇಲೆ ಕೇಳಿದರೆ ಸಿಗುವುದು ಕಷ್ಟ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿಯಲ್ಲಿ ಹಣದ ವಿಚಾರ ಆಯ್ಕೆಗೆ ಅಡ್ಡ ಬರುವುದಿಲ್ಲ. 2022ರಲ್ಲಿ ಡಾರ್ಟ್‌ಮತ್ ಕೂಡ ಈ ಸಾಲಿಗೆ ಸೇರಿತು. ಆದರೆ ಪೈಪೋಟಿ ಅಲ್ಲೇ ಜಾಸ್ತಿ, ಅಲ್ವಾ?

ಅರ್ಜಿ ಕಳಿಸುವ ಮುಂಚೆ ಪೌರತ್ವದ ಕಾಲಂ ಇನ್ನೊಮ್ಮೆ ನೋಡಿ.