ಕೇರೆಹಾವಿನ ಬಲೆ ಬಿಡಿಸಲು ಕಲಿಸಿದ ಅಣ್ಣನಿಗೆ

ಮಂಡ್ಯದ ಕಬ್ಬಿನ ಗದ್ದೆಯಿಂದ ತಂದ ಆ ಕೇರೆಹಾವಿನ ಮೈಗೆ ನೈಲಾನ್ ಬಲೆ ಬಿಗಿದು ಹುಣ್ಣಾಗಿತ್ತು. ಪಶುವೈದ್ಯಕೀಯ ಓದುತ್ತಿದ್ದರೂ ನಾನು ಅಲ್ಲಿವರೆಗೆ ಮುಟ್ಟಿದ್ದು ದನ, ಕುರಿ, ನಾಯಿ ಅಷ್ಟೇ. ಪ್ರಾಣಿರಕ್ಷಣಾ ಕೇಂದ್ರದಲ್ಲಿ ಸ್ವಯಂಸೇವಕಿಯಾಗಿ ಮೊದಲ ವಾರ ಬೇರೆ. ಬಾಲದ ಹತ್ತಿರ ಸೂಜಿ ಚುಚ್ಚಲು ಹೋದಾಗ ನೀವು ಮೆಲ್ಲಗೆ ತಡೆದಿರಿ: "ಮೈಯ ಮುಂಭಾಗಕ್ಕೆ ಕೊಡು ತಾಯಿ. ಹಿಂಭಾಗದ ರಕ್ತ ಮೊದಲು ಮೂತ್ರಪಿಂಡದ ಕಡೆ ಹೋಗ್ಬಹುದು, ಔಷಧಿ ಮೈಗೆಲ್ಲ ಹರಡೋ ಮೊದಲೇ ಅಲ್ಲಿ ಸೋಸಿ ಹೋಗ್ಬಹುದು." ಮೈ ತಣ್ಣಗಿದ್ದರೆ ಔಷಧಿ ಸರಿಯಾಗಿ ಹತ್ತುವುದಿಲ್ಲ, ಮೊದಲು ಬೆಚ್ಚಗಿಡು ಎಂದಿರಿ. ಆಮೇಲೆ ಹುರುಪೆ ಕೀಳದಂತೆ ಒಂದೊಂದೇ ಎಳೆ ಕತ್ತರಿಸುತ್ತಾ ಕತ್ತಲಾಗುವ ತನಕ ಜೊತೆಗೆ ಕೂತಿರಿ. ಹೆಸರು ಕೇಳಿದರೆ ನಕ್ಕು ಸುಮ್ಮನಾದಿರಿ.

ಪೊರೆ ಬಿಟ್ಟು, ಗಾಯ ಮಾಗಿ, ಅದು ನಾಲೆ ಬದಿಯ ಪೊದೆಗೆ ಸರಸರ ಹರಿದುಹೋಯಿತು ಅಣ್ಣಾ. ನೀವು ನೋಡಬೇಕಿತ್ತು. ತುಂಬಾ ಧನ್ಯವಾದ.