ತಗೊಳ್ಳಿ, ಚೆಂಡು ನಿಮ್ಮದೇ

ದೊರೆ,

ಫೋನಿನಲ್ಲಿ ನೀನು ನನ್ನನ್ನು ಮಾತು ಮುಗಿಸಲು ಬಿಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲರ ಮುಂದೆ ಯಾಕೆ ಅಂದರೆ ಸಾಕ್ಷಿ ಇರಲಿ ಅಂತ. ಉಳಿದವರು ಓದಿಕೊಳ್ಳಿ, ಪರವಾಗಿಲ್ಲ. ಮಧ್ಯೆ ಬಾಯಿ ಹಾಕಬೇಡಿ, ಅಷ್ಟೇ.

'ಟೆನಿಸ್ ಅಂದರೆ ಏನೋ ಅರ್ಥ? ಬ್ಯಾಟಾ, ಬಲೆಯಾ?' ಅಂತ ಕೇಳಿದ್ದೆಯಲ್ಲ. ಎರಡೂ ಅಲ್ಲ. ಅದು ಒಂದು ಕೂಗು. ಹೆಚ್ಚಿನ ನಿಘಂಟುಗಳು ಒಪ್ಪುವ ಕಥೆ ಹೀಗಿದೆ. ಹಳೆಯ ಫ್ರೆಂಚ್‌ನಲ್ಲಿ 'ತೆನೆಟ್ಸ್' ಅಂದರೆ 'ಹಿಡ್ಕೊಳ್ಳಿ' ಅಥವಾ 'ತಗೊಳ್ಳಿ'. ಚೆಂಡು ಹೊಡೆಯುವವನು ಎದುರಿನವನಿಗೆ ಹಾಗೆ ಕೂಗಿ ಹೊಡೆಯುತ್ತಿದ್ದನಂತೆ. ಗಮನಿಸು, 'ತಗೋ' ಅಲ್ಲ, 'ತಗೊಳ್ಳಿ'. ಮುಖಕ್ಕೆ ಬಾರಿಸುವ ಮುಂಚೆಯೂ ಬಹುವಚನ!

ಮಜಾ ಏನು ಗೊತ್ತಾ? ಫ್ರೆಂಚರು ಆಟವನ್ನು ಆ ಹೆಸರಿನಿಂದ ಕರೆಯುತ್ತಲೇ ಇರಲಿಲ್ಲ. ಅವರಿಗೆ ಅದು 'ಜ್ಯೂ ದ ಪೋಮ್', ಅಂಗೈ ಆಟ. ಮೊದಮೊದಲು ಬರಿಗೈಯಲ್ಲೇ ಹೊಡೆಯುತ್ತಿದ್ದರಲ್ಲ, ಅದಕ್ಕೆ. ಕೂಗನ್ನು ಕೇಳಿಸಿಕೊಂಡು ಅದನ್ನೇ ಆಟದ ಹೆಸರು ಮಾಡಿದವರು ಇಂಗ್ಲಿಷರು. ಫೋನಿಗೆ 'ಹಲೋ' ಅಂತ ಹೆಸರಿಟ್ಟ ಹಾಗೆ. 1400ರ ಸುಮಾರಿಗೆ ಜಾನ್ ಗೋವರ್ ಎಂಬ ಕವಿ ರಾಜನಿಗೆ ಬರೆದ ಪದ್ಯದಲ್ಲಿ ಈ ಪದ ಬರುತ್ತದೆ. ಚೆಂಡು ಉರುಳಿ ನಿಲ್ಲುವ ತನಕ ಗೆದ್ದವರು ಯಾರು ಅಂತ ಯಾರಿಗೂ ತಿಳಿಯದು ಅನ್ನುವ ಅರ್ಥದಲ್ಲಿ.

(ಅಂದಹಾಗೆ, ಈ ಆಟ ನೋಡಲು ಹೊರಟೇ ಒಬ್ಬ ರಾಜ ಸತ್ತ. ಫ್ರಾನ್ಸಿನ ಎಂಟನೇ ಚಾರ್ಲ್ಸ್, 1498ರಲ್ಲಿ, ಆಂಬ್ವಾಸ್ ಕೋಟೆಯ ಒಂದು ಬಾಗಿಲಿಗೆ ತಲೆ ಬಡಿದು. ನಿನ್ನ ಎತ್ತರ ನೆನೆದು ಹೇಳುತ್ತಿದ್ದೇನೆ, ಹುಷಾರು.)

ಆಮೇಲೆ 1874ರಲ್ಲಿ ವಾಲ್ಟರ್ ವಿಂಗ್‌ಫೀಲ್ಡ್ ಎಂಬ ಮೇಜರ್ ಹುಲ್ಲಿನ ಮೇಲೆ ಆಡುವ ಹೊಸ ಬಗೆಗೆ ಪೇಟೆಂಟ್ ತಗೊಂಡ. ಅದಕ್ಕೆ ಗ್ರೀಕ್‌ನಿಂದ ಆರಿಸಿ 'ಸ್ಫೈರಿಸ್ಟಿಕೆ' ಅಂತ ಹೆಸರಿಟ್ಟ. ಚೆಂಡಾಟದ ಕಲೆ ಅಂತ ಅರ್ಥ. ಜನರಿಗೆ ನಾಲಿಗೆ ಹೊರಳಬೇಕಲ್ವಾ? 'ಸ್ಟಿಕಿ' ಮಾಡಿ ನಕ್ಕರು. ಉಳಿದದ್ದು ಲಾನ್ ಟೆನಿಸ್.

ಈ ಆಟಕ್ಕೆ ಚೀನಿ ಭಾಷೆಯಲ್ಲಿ 'ಬಲೆ ಚೆಂಡು', ಅರಬ್ಬಿಯಲ್ಲಿ 'ಬ್ಯಾಟಿನ ಚೆಂಡು' ಅನ್ನುವ ಅರ್ಥದ ಪದಗಳಿವೆ. ನೀನು ಊಹಿಸಿದ್ದು ಎರಡೂ ಅಲ್ಲಿ ಸರಿಯಾಯಿತು ನೋಡು. ಬ್ರೆಜಿಲ್‌ನಲ್ಲಿ ಹೋಗಿ 'ಟೆನಿಸ್ ಕೊಡಿ' ಅಂದರೆ ಶೂ ಕೊಡುತ್ತಾರೆ. ಜೆಕ್ ಭಾಷೆಯಲ್ಲೂ 'ತೆನಿಸ್ಕಿ' ಅಂದರೆ ಕಾಲಿಗೆ ಹಾಕುವುದೇ. ಬಾಯಲ್ಲಿ ಹುಟ್ಟಿದ ಪದ ಕಾಲಿಗೆ ಇಳಿಯಿತು.

ನನ್ನ ತಲೆಯಲ್ಲಿ ಕೂತದ್ದು ಇದ್ಯಾವುದೂ ಅಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಹೊಸ ಆಟ ಫ್ರಾನ್ಸಿಗೆ ಬಂತು. ಜೊತೆಗೆ ಹೆಸರೂ ಬಂತು. ಫ್ರೆಂಚರು 'ಟೆನಿಸ್' ಅನ್ನುವುದನ್ನು ಇಂಗ್ಲಿಷ್ ಪದವಾಗಿಯೇ ತಗೊಂಡರು. ತಮ್ಮದೇ ಕೂಗು! ಗುರುತು ಸಿಗುವುದಾದರೂ ಹೇಗೆ? ಅಷ್ಟರಲ್ಲಿ ಅವರು ಆ ಪದದ ಕೊನೆಯ ಸದ್ದನ್ನೇ ಬಿಟ್ಟಿದ್ದರು. ಈಗ ಅವರ ಬಾಯಲ್ಲಿ ಅದು 'ತೆನೇ', ನಮ್ಮ ಕಿವಿಗೆ ರಾಗಿ ತೆನೆ. ಬಾಲದ 'ಸ್' ಉಳಿದದ್ದು ಸಾಲ ತಗೊಂಡವರ ಬಾಯಲ್ಲಿ.

ಈಗ ವಿಷಯಕ್ಕೆ ಬರುತ್ತೇನೆ. ಹೋದ ಸಲ ಮಾತಾಡುವಾಗ ನೀನು ನಗುತ್ತಾ, 'ನಿನ್ನ ಆ ಸೀಲಿಂಗ್ ಫ್ಯಾನ್ ಮಾತು ನನಗೂ ಅಂಟಿದೆ ಕಣೋ' ಅಂದೆ.

ಲೋ, ಅದು ನನ್ನದಲ್ಲ. ನಿನ್ನದು. ಮೊದಲು ಹೇಳಿದವನು ನೀನು. ಸಂದರ್ಭ ಇಲ್ಲಿ ಬೇಡ, ಇಬ್ಬರ ಮರ್ಯಾದೆಯೂ ಹೋಗುತ್ತದೆ. ನಾನು ತಕ್ಷಣ ಹೇಳಬಹುದಿತ್ತು. ಹೇಳಲಿಲ್ಲ. ಖುಷಿಯಾಯಿತು, ಸುಮ್ನೆ ಇದ್ದೆ.

ಫೋನ್ ಇಟ್ಟ ಮೇಲೆ ಲೆಕ್ಕ ಹಾಕತೊಡಗಿದೆ. 'ಅದಿರಲಿ' ಅಂತ ಶುರು ಮಾಡುವುದು ನಿನ್ನದು. ಬೈಯುವ ಮುಂಚೆ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸುವುದು ನಿನ್ನದು. ಜೋಕ್ ಹೇಳಿ ತಾನು ಮಾತ್ರ ನಗದೆ ಇರುವುದು, ಅದೂ ನಿನ್ನದೇ. ಆಫೀಸಿನಲ್ಲಿ ನನ್ನನ್ನು ತಮಾಷೆಯ ಮನುಷ್ಯ ಅನ್ನುತ್ತಾರೆ. ಅವರಿಗೆ ಇಷ್ಟವಾಗಿರುವುದು ನೀನು, ಅವರು ನಿನ್ನನ್ನು ನೋಡೇ ಇಲ್ಲ. ನೀನು ದೂರ ಹೋದ ಮೇಲೆ ಇದು ಜಾಸ್ತಿಯಾಗಿದೆ. ಮನೆಯಲ್ಲಿ ಒಬ್ಬನೇ ಇದ್ದಾಗಲೂ ನಿನ್ನ ಧಾಟಿಯಲ್ಲೇ ಗೊಣಗುತ್ತೇನೆ. ಹಾಗೆ ಗೊಣಗಿದರೆ ಇಬ್ಬರಿದ್ದಂತೆ ಆಗುತ್ತದೆ. ನಿನ್ನದನ್ನೆಲ್ಲ ತೆಗೆದಿಟ್ಟರೆ ನನ್ನದು ಅಂತ ಏನು ಉಳಿಯುತ್ತೆ ಅಂತ ಯೋಚಿಸಿದೆ. ಆ ಯೋಚನೆ ಅಷ್ಟಕ್ಕೇ ನಿಲ್ಲಿಸಿ ಪಾತ್ರೆ ತೊಳೆದೆ.

ಇನ್ನೊಂದು ಭಯವೂ ಇದೆ. ನೀನು ಅಲ್ಲಿ ಹೊಸಬರ ನಡುವೆ ಬೇರೆ ಥರ ಮಾತಾಡಲು ಕಲಿತಿದ್ದೀಯ, ನನಗೆ ಕೇಳಿಸುತ್ತದೆ. ಹಳೆಯ ನೀನು ಸ್ವಲ್ಪ ಸ್ವಲ್ಪ ನಿನ್ನಿಂದಲೇ ಉದುರುತ್ತಿದ್ದಾನೆ. ನನ್ನ ಹತ್ತಿರ ಇರುವುದು ಆ ಹಳೆಯವನು. ನಾವು ಸಿಕ್ಕಾಗ ಅವನನ್ನು ನೋಡಿ 'ಇವನ್ಯಾರೋ' ಅಂದುಬಿಟ್ಟರೆ?

ಸರಿ ಸರಿ, ಇಷ್ಟು ಬರೆಯುವ ಉದ್ದೇಶ ಇರಲಿಲ್ಲ. ಟೆನಿಸ್ ಬಗ್ಗೆ ಶುರು ಮಾಡಿ ಮೂಗು ಒರೆಸುವ ಹಂತಕ್ಕೆ ಬಂದವನು ನಾನೊಬ್ಬನೇ ಇರಬೇಕು. ಕನ್ನಡಕ ಒರೆಸುವ ಸ್ಟೈಲಿಗೆ ರಾಯಲ್ಟಿ ಕೇಳಬೇಡ, ನಿನಗಿಂತ ನಾನೇ ಚೆನ್ನಾಗಿ ಮಾಡುತ್ತೇನೆ ಅಂತ ಹೆಂಡತಿ ಸರ್ಟಿಫಿಕೇಟ್ ಕೊಟ್ಟಿದ್ದಾಳೆ.

ಕೊನೆಗೊಂದು ಮಾತು. ಟೆನಿಸ್‌ನಲ್ಲಿ ಸೊನ್ನೆಗೆ 'ಲವ್' ಅನ್ನುವುದು ಮೊಟ್ಟೆಯ ಫ್ರೆಂಚ್ ಹೆಸರು 'ಲಫ್' ಅನ್ನುವುದರಿಂದ ಬಂತು ಅಂತ ಸಿಕ್ಕವರಿಗೆಲ್ಲ ಹೇಳುತ್ತಾ ತಿರುಗುತ್ತೀಯಲ್ಲ? ಅದಕ್ಕೆ ಗಟ್ಟಿ ಆಧಾರವಿಲ್ಲ. ಪಣವಿಲ್ಲದೆ, ಬರೀ ಪ್ರೀತಿಗೆ ಆಡುವುದು ಅನ್ನುವ ಇಂಗ್ಲಿಷ್ ಮಾತಿನಿಂದ ಬಂದಿರುವ ಸಾಧ್ಯತೆಯೇ ಹೆಚ್ಚು ಅನ್ನುತ್ತಾರೆ. ನಿನ್ನಿಂದ ನಾನು ಕದಿಯದೆ ಬಿಟ್ಟದ್ದು ಆ ಮೊಟ್ಟೆ ಒಂದೇ. ಅದನ್ನು ನೀನೇ ಇಟ್ಟುಕೋ.

ನಿನ್ನ
ಸೀಲಿಂಗ್ ಫ್ಯಾನ್